ಕೆಂಪು ಬಸ್ಸಿನ ಕಾಲೇಜು, ಮೊಬೈಲಿನ ಕಾಲೇಜು

ಬೆಳಗಿನ ಎಂಟೂವರೆಯಿಂದ ಹತ್ತರವರೆಗೆ ಕೋಲಾರದ ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತು ನೋಡಿದರೆ ಸಾಕು, ಈ ಜಿಲ್ಲೆಯ ಅರ್ಧ ಕಥೆ ತಿಳಿದುಬಿಡುತ್ತದೆ. ಶ್ರೀನಿವಾಸಪುರದಿಂದ, ಮುಳಬಾಗಿಲಿನಿಂದ, ಮಾಲೂರಿನಿಂದ, ಬಂಗಾರಪೇಟೆಯಿಂದ, ವೇಮಗಲ್ಲಿನಿಂದ ಒಂದರ ಹಿಂದೊಂದು ಬರುವ ಕೆಂಪು ಬಸ್ಸುಗಳು ತಮ್ಮ ಹೊಟ್ಟೆಯಲ್ಲಿದ್ದ ಹುಡುಗ ಹುಡುಗಿಯರನ್ನು ಹೊರಗೆ ಸುರಿಯುತ್ತವೆ. ಟೊಮೆಟೊ ಮಂಡಿಗೆ ಹೊರಟ ರೈತರು, ಕೋರ್ಟಿನ ವಾಯಿದೆಗೆ ಬಂದವರು, ಆಸ್ಪತ್ರೆಗೆ ಬಂದ ಬಾಣಂತಿಯರು ಇವರೆಲ್ಲರ ನಡುವೆ ಜಾಗ ಮಾಡಿಕೊಂಡು ಬೆನ್ನಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ ಹಿಡಿದ ಈ ಪಡೆ ಗಡಿಯಾರದ ಗೋಪುರದ ಕಡೆಗೂ ಕಾಲೇಜು ವೃತ್ತದ ಕಡೆಗೂ ಹರಿದುಹೋಗುತ್ತದೆ. ಇವರಲ್ಲಿ ಅನೇಕರು ಬೆಳಿಗ್ಗೆ ಐದೂವರೆಗೇ ಎದ್ದು, ಹಸುವಿನ ಹಾಲು ಕರೆದು, ಡೇರಿಗೆ ಹಾಕಿ, ಮುದ್ದೆಯೋ ಚಿತ್ರಾನ್ನವೋ ತಿಂದು ಬಂದವರು. ಪಾಠ ಶುರುವಾಗುವ ಮೊದಲೇ ಇವರ ಅರ್ಧ ದಿನ ಮುಗಿದಿರುತ್ತದೆ.

ಇಷ್ಟು ಕಷ್ಟಪಟ್ಟು ಬರಬೇಕೆ? ಮನೆಯಲ್ಲೇ ಕೂತು ಮೊಬೈಲಿನಲ್ಲಿ ಪಾಠ ಕೇಳಿದರೆ ಆಗದೆ? ಈ ಪ್ರಶ್ನೆ ಬೆಂಗಳೂರಿನ ಮೇಜಿನ ಮುಂದೆ ಕೂತವರಿಗೆ ಬಲು ಸಲೀಸು. 2021ರ ಮೇ ತಿಂಗಳಿನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪ್ರತಿ ವಿಷಯದ ಶೇ 40ರಷ್ಟು ಪಾಠವನ್ನು ಆನ್‌ಲೈನಿನಲ್ಲೂ ಉಳಿದದ್ದನ್ನು ತರಗತಿಯಲ್ಲೂ ನಡೆಸಬಹುದೆಂಬ ಮಿಶ್ರ ಕಲಿಕೆಯ ಕರಡನ್ನು ದೇಶದ ಮುಂದಿಟ್ಟಿತ್ತು. ಆ ಕರಡಿನ ಬಗ್ಗೆ ದೊಡ್ಡ ಊರುಗಳಲ್ಲಿ ವಿಚಾರ ಸಂಕಿರಣಗಳು ನಡೆದವು. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜು ಅಂಗಳಗಳಲ್ಲಿ ಅದೇ ಪ್ರಶ್ನೆಯನ್ನು ಎತ್ತಿದರೆ ಉತ್ತರ ಶೇಕಡಾ ಲೆಕ್ಕದಲ್ಲಿ ಬರುವುದಿಲ್ಲ. ಯಾವ ಊರಿನಿಂದ ಬರುತ್ತೀರಿ, ಮನೆಯಲ್ಲಿ ಎಷ್ಟು ಮೊಬೈಲುಗಳಿವೆ, ರಾತ್ರಿ ಪಾಳಿಯ ಕೆಲಸವಿದೆಯೆ, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಗಂಗರ ಕಾಲದಲ್ಲಿ ಕುವಲಾಲಪುರವಾಗಿದ್ದ ಕೋಲಾರ ಹೊಸದಾಗಿ ನೋಡುವವರಿಗೆ ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ, ಅಂತರಗಂಗೆಯ ಬೆಟ್ಟ ಇಷ್ಟರಲ್ಲಿ ಮುಗಿದುಹೋಗುವ ಊರು. ಹೊರಗಿನವರ ನಾಲಿಗೆಯ ಮೇಲೆ ಇಂದಿಗೂ ಚಿನ್ನದ ಗಣಿ ಇದೆ. ಆ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಈಗ ಡಿಗ್ರಿ ಓದುತ್ತಿರುವ ಹುಡುಗರು ಆಗ ಹುಟ್ಟಿಯೂ ಇರಲಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದಾಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲಿ ಕಚೇರಿ ತೆರೆಯಿತು. ಹೆಸರಿನಲ್ಲಿ ಬೆಂಗಳೂರು, ವಿಳಾಸದಲ್ಲಿ ಕೋಲಾರ! ಅಂಕಪಟ್ಟಿಯ ತಿದ್ದುಪಡಿಗೆಂದು ಜ್ಞಾನಭಾರತಿಯವರೆಗೆ ಅಲೆಯುತ್ತಿದ್ದ ಮಕ್ಕಳಿಗೆ ಅಷ್ಟರಮಟ್ಟಿಗೆ ದಾರಿ ಕಡಿಮೆಯಾಯಿತು.

ಮನೆಯಲ್ಲಿ ಕೂತು ಕಾಲೇಜು ಓದುವುದೆಂದರೇನು ಎಂಬುದು ಈ ಊರುಗಳಿಗೆ ಗೊತ್ತಾದದ್ದು 2020ರಲ್ಲಿ. ಆ ವರ್ಷದ ಮಾರ್ಚ್ 14ರಿಂದ ಒಂದು ವಾರದ ಮಟ್ಟಿಗೆ ಎಂದು ಕಾಲೇಜುಗಳ ಬಾಗಿಲು ಹಾಕಿದರು. ಮಕ್ಕಳು ಹಬ್ಬದ ರಜೆ ಸಿಕ್ಕಿದಂತೆ ಊರಿಗೆ ಹೋದರು. ಹಾಸ್ಟೆಲಿನಲ್ಲಿದ್ದವರು ಎರಡು ಜೊತೆ ಬಟ್ಟೆ ಮಾತ್ರ ಹಿಡಿದು ಹೊರಟಿದ್ದರು, ಪುಸ್ತಕಗಳೆಲ್ಲ ಟ್ರಂಕಿನಲ್ಲೇ ಉಳಿದವು. ಆ ಒಂದು ವಾರ ಎಂಟು ತಿಂಗಳಾಯಿತು. ಡಿಗ್ರಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ, ಅದೂ ಬಂದವರು ಬರಬಹುದು, ಬಾರದವರು ಆನ್‌ಲೈನಿನಲ್ಲೇ ಕೇಳಬಹುದು ಎಂಬ ಷರತ್ತಿನ ಮೇಲೆ. ಮುಂದಿನ ವರ್ಷ ಏಪ್ರಿಲಿನಲ್ಲಿ ಎರಡನೇ ಅಲೆ ಬಂತು, ಮತ್ತೆ ಬೀಗ. ಜುಲೈ 26ರಂದು ಬೀಗ ತೆಗೆದಾಗ ಒಳಗೆ ಬರುವವರು ಒಂದು ಡೋಸಾದರೂ ಲಸಿಕೆ ಹಾಕಿಸಿಕೊಂಡಿರಬೇಕಾಗಿತ್ತು.

ಆ ಕಾಲದ ನೆನಪನ್ನು ಅಂದು ವಿದ್ಯಾರ್ಥಿಗಳಾಗಿದ್ದವರು ಈಗ ನಗುತ್ತಲೇ ಹೇಳುತ್ತಾರೆ. ಬಿಟ್ಟಿಯಾಗಿ ಸಿಗುತ್ತಿದ್ದ ಒಂದು ಕಾರ್ಯಕ್ರಮದಲ್ಲಿ ನಲವತ್ತು ನಿಮಿಷವಾದೊಡನೆ ತರಗತಿ ತಾನಾಗಿ ಕಡಿದುಹೋಗುತ್ತಿತ್ತು. ಉಪನ್ಯಾಸಕರು ಸೂತ್ರದ ಎಡಗಡೆಯನ್ನು ಬರೆದು ಬಲಗಡೆಗೆ ಬರುವ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು. ದಿನಕ್ಕೆ ಒಂದೂವರೆ ಜಿಬಿ ಸಿಗುವ ರೀಚಾರ್ಜನ್ನೇ ಹೆಚ್ಚಿನವರು ಹಾಕಿಸುತ್ತಿದ್ದದ್ದು. ಉಪನ್ಯಾಸಕರ ಮುಖ ಕಾಣುವಂತೆ ಒಂದು ಗಂಟೆಯ ಪಾಠ ನೋಡಿದರೆ ಅರ್ಧದಿಂದ ಒಂದು ಜಿಬಿಯಷ್ಟು ಕರಗುತ್ತದೆ. ಹಾಗಾಗಿ ಎರಡನೇ ಪಿರಿಯಡ್ಡು ಮುಗಿಯುವುದರೊಳಗೆ ಆ ದಿನದ ಕಾಲೇಜೂ ಮುಗಿಯುತ್ತಿತ್ತು. ಮೂರನೆಯ ಪಾಠ ಅರ್ಥಶಾಸ್ತ್ರವಾಗಿದ್ದರೆ ಅದರ ಮೊದಲ ಪಾಠವನ್ನು ಮೊಬೈಲೇ ಕಲಿಸಿದ ಹಾಗೆ.

ಸರ್ಕಾರ ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. 2021ರ ಜೂನ್‌ನಲ್ಲಿ ರಾಜ್ಯದ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯಕ್ರಮ ಶುರುವಾಯಿತು. ಪಾಠಗಳನ್ನು ಮುದ್ರಿಸಿ ಅಂತರ್ಜಾಲದಲ್ಲಿ ಇಡುವ ವ್ಯವಸ್ಥೆಯೂ ಬಂತು. ಟ್ಯಾಬ್ಲೆಟ್ಟು ಕೈಗೆ ಬಂದಾಗ ಕಾಲೇಜು ತೆರೆಯುವ ದಿನವೂ ಹತ್ತಿರ ಬಂದಿತ್ತೆನ್ನುವುದು ಬೇರೆ ಮಾತು.

ಇನ್ನು ವಿಜ್ಞಾನದ ಮಕ್ಕಳ ಪಾಡು. ಬಿ.ಎಸ್ಸಿ. ಓದುವವರಲ್ಲಿ ಆನ್‌ಲೈನ್ ಪಾಠವೇ ಸಾಕೆನ್ನುವವರು ಸಿಗುವುದು ಅಪರೂಪ, ಅದಕ್ಕೆ ಕಾರಣವೂ ಇದೆ. ಆಮ್ಲವಿರುವ ಫ್ಲಾಸ್ಕಿಗೆ ಎರಡು ಹನಿ ಫಿನಾಫ್ತಲೀನ್ ಹಾಕಿ, ಮೇಲಿನ ಬ್ಯುರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ಬಿದ್ದ ಕಡೆ ಗುಲಾಬಿ ಬಣ್ಣ ಮೂಡಿ, ಫ್ಲಾಸ್ಕನ್ನು ಅಲುಗಿಸಿದೊಡನೆ ಮಾಯವಾಗುತ್ತದೆ. ಮತ್ತೆ ಮೂಡುತ್ತದೆ, ಮತ್ತೆ ಮಾಯ. ಕೊನೆಗೆ ಒಂದೇ ಒಂದು ಹನಿಗೆ ಇಡೀ ದ್ರಾವಣ ತಿಳಿ ಗುಲಾಬಿಯಾಗಿ ನಿಲ್ಲುತ್ತದೆ. ಆ ಹನಿಯ ಹಿಂದಿನ ಹನಿಯಲ್ಲಿ ಕೈ ನಿಧಾನಿಸಬೇಕೆಂಬುದನ್ನು ಯಾವ ಪರದೆಯೂ ಕಲಿಸದು. ಅದು ಎಡಗೈಯ ಬೆರಳಿಗೂ ಬ್ಯುರೆಟ್ಟಿನ ತಿರುಪಿಗೂ ನಡುವೆ ನಡೆಯುವ ವ್ಯವಹಾರ. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್‌ಗಳಲ್ಲಿ ಇದೇ ಪ್ರಯೋಗವನ್ನು ಗಾಜು ಒಡೆಯದೆ ನೂರು ಸಲ ಮಾಡಬಹುದು, ಲೆಕ್ಕ ಅರ್ಥವಾಗಲು ಅದು ಒಳ್ಳೆಯದೇ. ಆದರೆ 2020ರಲ್ಲಿ ಮೊದಲ ವರ್ಷದ ರಸಾಯನಶಾಸ್ತ್ರವನ್ನು ಮೊಬೈಲಿನಲ್ಲಿ ಮುಗಿಸಿ ಎರಡನೇ ವರ್ಷಕ್ಕೆ ಬಂದವರು ಪಿಪೆಟ್ ಹಿಡಿಯುವ ರೀತಿಯಲ್ಲೇ ಗುರುತು ಸಿಗುತ್ತಿದ್ದರು.

ಮಾಲೂರಿನ ರೈಲು

ಕೋಲಾರದಿಂದ ಮಾಲೂರಿಗೆ ಬಂದರೆ ಮಾತಿನ ಧಾಟಿಯೇ ಬೇರೆ. ಮಾಲೂರೆಂದರೆ ಇಟ್ಟಿಗೆ, ಹೆಂಚು, ನೀಲಗಿರಿ ತೋಪು ಎಂಬ ಕಾಲವಿತ್ತು. ಇಟ್ಟಿಗೆ ಈಗಲೂ ಇದೆ. ಅದರ ಜೊತೆಗೆ ಕೈಗಾರಿಕಾ ಪ್ರದೇಶ ಬೆಳೆದಿದೆ, ಉತ್ತರಕ್ಕೆ ಹೆದ್ದಾರಿಯ ಮೇಲಿನ ನರಸಾಪುರವಂತೂ ಗುರುತು ಸಿಗದಷ್ಟು ಬದಲಾಗಿದೆ. 2013ರಲ್ಲಿ ಅಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ ಬಂತು. ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ ಬಂತು, ಅದೀಗ ಟಾಟಾ ಸಂಸ್ಥೆಯ ಕೈಯಲ್ಲಿದೆ. ಜಗತ್ತಿನ ದುಬಾರಿ ಮೊಬೈಲು ತಯಾರಾಗುವ ಜಾಗದಿಂದ ಕೂಗಳತೆಯ ಹಳ್ಳಿಗಳಲ್ಲಿ ಅಣ್ಣ ತಂಗಿಯರು ಒಂದು ಮೊಬೈಲಿಗಾಗಿ ಸರದಿ ಕಾದು ಪಾಠ ಕೇಳಿದರು ಎಂಬುದನ್ನು ಯಾರಾದರೂ ಕಥೆಯಾಗಿ ಬರೆದಿದ್ದರೆ ಅತಿಯಾಯಿತೆನ್ನುತ್ತಿದ್ದೆವೋ ಏನೋ.

ಈ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರ ವಯಸ್ಸೂ ಕಾಲೇಜಿನ ಬೆಂಚಿನಲ್ಲಿ ಕೂರುವವರ ವಯಸ್ಸೂ ಒಂದೇ. ಕೊರೊನಾ ಕಾಲದಲ್ಲಿ ಅಪ್ಪನ ಕೂಲಿ ನಿಂತ ಮನೆಗಳ ಹುಡುಗರು ಕಾಲೇಜು ತೆರೆಯುವವರೆಗೆ ಎಂದು ಕೆಲಸಕ್ಕೆ ಸೇರಿಕೊಂಡರು. ಕಾಲೇಜು ತೆರೆಯಿತು, ಆದರೆ ತಿಂಗಳ ಸಂಬಳ ಮನೆಯ ಸಾಲದ ಕಂತಿಗೆ ಗಂಟುಬಿದ್ದಿತ್ತು. ಇಂಥವರ ತಮ್ಮಂದಿರು ಈಗ ಓದುತ್ತಿದ್ದಾರೆ, ಕೆಲವರು ಅಣ್ಣಂದಿರ ಹಾದಿಯಲ್ಲೇ ಇದ್ದಾರೆ. ರಾತ್ರಿ ಪಾಳಿ ಮುಗಿಸಿ ಕಂಪನಿಯ ಬಸ್ಸಿನಿಂದ ಇಳಿದು, ಮುಖ ತೊಳೆದು, ಹತ್ತು ಗಂಟೆಯ ತರಗತಿಯಲ್ಲಿ ಕೂತು ತೂಕಡಿಸುವ ಹುಡುಗರು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ, ಮಾಲೂರಿನ ಕಡೆ ಸ್ವಲ್ಪ ಹೆಚ್ಚು. ಇವರನ್ನು ಕೇಳಿದರೆ ಆನ್‌ಲೈನ್ ಪಾಠವೇ ವಾಸಿ, ಅದರಲ್ಲೂ ಮುದ್ರಿಸಿಟ್ಟ ಪಾಠ ವಾಸಿ ಎನ್ನುತ್ತಾರೆ. ಬೇಕಾದಾಗ ಕೇಳಬಹುದು, ತಿಳಿಯದಿದ್ದರೆ ಹಿಂದಕ್ಕೆ ತಿರುಗಿಸಬಹುದು, ನಿದ್ದೆ ಬಂದರೆ ನಿಲ್ಲಿಸಬಹುದು. ತರಗತಿಯಲ್ಲಿ ನಿದ್ದೆ ಬಂದರೆ ಮೇಷ್ಟರನ್ನು ನಿಲ್ಲಿಸಲಾಗದಲ್ಲ!

ಬೆಂಗಳೂರಿಗೆ ಹೋಗಿ ಓದುವವರದು ಇನ್ನೊಂದು ಬಳಗ. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಹೊರಡುವ ರೈಲು ಟೇಕಲ್ ದಾಟಿ ಮಾಲೂರಿಗೆ ಬರುವ ಹೊತ್ತಿಗೆ ಕೂರುವ ಮಾತು ಹಾಗಿರಲಿ, ಬಾಗಿಲಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಗಳಿಗೆ ಕೆಲಸಕ್ಕೆ ಹೋಗುವವರ ನಡುವೆ ಒಂದು ಕಾಲೂರಿ ನಿಂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ವಿದ್ಯಾರ್ಥಿಗಳಲ್ಲಿ ಎಲ್ಲರೂ ಸಿನಿಮಾ ಹಾಡು ಕೇಳುತ್ತಿರುವುದಿಲ್ಲ. ಯೂಟ್ಯೂಬಿನಲ್ಲಿ ಕಾಸ್ಟ್ ಅಕೌಂಟಿಂಗ್ ಲೆಕ್ಕ ಕೇಳುವವರಿದ್ದಾರೆ, ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಸಂವಿಧಾನದ ಪಾಠ ಕೇಳುವವರಿದ್ದಾರೆ.

ಆದರೆ ಈ ವಾದಕ್ಕೊಂದು ಹಿನ್ನೆಲೆ ಇದೆ. ದೂರದಿಂದ ಕಲಿಯುವುದು ಈ ರಾಜ್ಯಕ್ಕೆ ಕೊರೊನಾ ತಂದುಕೊಟ್ಟದ್ದಲ್ಲ. ಮೈಸೂರು ವಿಶ್ವವಿದ್ಯಾಲಯ ಅಂಚೆ ಮೂಲಕ ಶಿಕ್ಷಣ ಆರಂಭಿಸಿದ್ದು 1969ರಲ್ಲಿ, ಅದು ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾದದ್ದು 1996ರಲ್ಲಿ. ಯುಜಿಸಿಯ ಪಾಠಗಳು ದೂರದರ್ಶನದಲ್ಲಿ ಬರಲಾರಂಭಿಸಿದ್ದು 1984ರಲ್ಲಿ. ಎಷ್ಟೋ ಗುಮಾಸ್ತರು, ಕಂಡಕ್ಟರುಗಳು, ಪ್ರಾಥಮಿಕ ಶಾಲೆಯ ಶಿಕ್ಷಕರು ಕಂದು ಬಣ್ಣದ ಲಕೋಟೆಯಲ್ಲಿ ಬಂದ ಪಾಠ ಓದಿ ಪದವೀಧರರಾದರು. ಆ ವ್ಯವಸ್ಥೆಗೆ ಒಂದು ಪ್ರಾಮಾಣಿಕತೆಯಿತ್ತು, ಓದುವವನು ಕೆಲಸದಲ್ಲಿದ್ದಾನೆಂದು ಒಪ್ಪಿಕೊಂಡೇ ಪಾಠ ಬರೆಯುತ್ತಿದ್ದರು. ಈಗಿನ ಹುಡುಗನ ಕಷ್ಟವೆಂದರೆ ಕಾಗದದ ಮೇಲೆ ಅವನು ಪೂರ್ಣಾವಧಿ ವಿದ್ಯಾರ್ಥಿ, ಶೇ 75ರ ಹಾಜರಾತಿಯ ಲೆಕ್ಕ ಅವನ ತಲೆಯ ಮೇಲಿದೆ. ಮನೆಯಲ್ಲಿ ಅವನು ಪೂರ್ಣಾವಧಿ ದುಡಿಯುವವನು. ಅವನಿಗೆ ಬೇಕಾದದ್ದು ಆನ್‌ಲೈನ್ ತರಗತಿಯಲ್ಲ, ಸಂಜೆ ಕಾಲೇಜೋ ಇಲ್ಲವೇ ಸಂಬಳಕ್ಕೆ ಬದಲಾಗಿ ಸಕಾಲಕ್ಕೆ ಬರುವ ವಿದ್ಯಾರ್ಥಿವೇತನವೋ ಆಗಿರಬಹುದು. ಅದನ್ನು ಕೊಡಲಾಗದೆ ಮೊಬೈಲಿನ ಪಾಠ ಕೊಟ್ಟರೆ ಎರಡು ದೋಣಿಗಳನ್ನು ಹತ್ತಿರ ತಂದ ಹಾಗಾಗುತ್ತದೆ ಹೊರತು ದಡ ಮುಟ್ಟಿಸಿದಂತಾಗುವುದಿಲ್ಲ.

ಇನ್ನು ತರಗತಿಗೆ ಬಂದವರಿಗೆಲ್ಲ ಪಾಠ ಸಿಗುತ್ತದೆಯೆ ಎಂದರೆ ಅದೂ ಇಲ್ಲ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲು ನಿಂತಿರುವುದು ಅತಿಥಿ ಉಪನ್ಯಾಸಕರ ಮೇಲೆ. ಸೇವಾ ಭದ್ರತೆ ಕೇಳಿ ಅವರು 2021ರ ಡಿಸೆಂಬರಿನಲ್ಲಿ ತರಗತಿ ಬಹಿಷ್ಕರಿಸಿದಾಗ, ಎರಡು ವರ್ಷ ಮೊಬೈಲು ನೋಡಿ ದಣಿದು ಕಾಲೇಜಿಗೆ ಬಂದಿದ್ದ ಮಕ್ಕಳು ಖಾಲಿ ಕರಿಹಲಗೆಯ ಮುಂದೆ ಕೂತರು. ಬಸ್ಸಿನಲ್ಲಿ ಒಂದೂವರೆ ಗಂಟೆ ಕಳೆದು ಬಂದವರಿಗೆ ಮೂರು ಪಿರಿಯಡ್ಡು ಖಾಲಿ ಎಂದರೆ ಸಿಟ್ಟು ಬರದಿರುತ್ತದೆಯೆ? ಆನ್‌ಲೈನ್ ಬೇಕೆನ್ನುವ ದನಿಗಳಲ್ಲಿ ಒಂದಷ್ಟು ಇಂಥ ಸಿಟ್ಟಿನಿಂದ ಹುಟ್ಟಿದವು, ಮೊಬೈಲಿನ ಮೇಲಿನ ಪ್ರೀತಿಯಿಂದಲ್ಲ.

ಬಂಡೆಗಳ ನಾಡು

ಮಾಲೂರಿನಿಂದ ಮತ್ತೆ ಕೋಲಾರಕ್ಕೆ ಬಂದು ಚೆನ್ನೈ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮುಳಬಾಗಿಲು. ಮೂಡಣ ಬಾಗಿಲೇ ಮುಳಬಾಗಿಲಾಯಿತೆನ್ನುತ್ತಾರೆ. ದೋಸೆಗೂ, ಕುರುಡುಮಲೆಯ ಗಣಪತಿಗೂ, ಆಂಜನೇಯನಿಗೂ ಹೆಸರಾದ ಊರು. ದಾರಿಯ ಎರಡೂ ಬದಿಗೆ ಯಾರೋ ಆಟವಾಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಕೂತ ಬಂಡೆಗಳು. ನೋಡಲು ಬಲು ಚೆಂದ, ಆದರೆ ಮೊಬೈಲಿನ ಅಲೆಗಳಿಗೆ ಈ ಬಂಡೆಗಳೇ ಗೋಡೆ. ಆಕಾಶವಾಣಿಯ ಮಧ್ಯಮ ತರಂಗದ ಅಲೆ ನೂರಾರು ಮೀಟರ್ ಉದ್ದದ್ದು, ಗುಡ್ಡವನ್ನು ಬಳಸಿಕೊಂಡು ಮನೆಯ ಮೂಲೆಗೂ ಬರುತ್ತದೆ. ಮೊಬೈಲಿನ ಅಲೆಯ ಉದ್ದ ಒಂದು ಗೇಣು, ಎರಡು ಗೇಣು. ಅಲೆ ಗಿಡ್ಡವಾದಷ್ಟೂ ಅಡ್ಡ ಬಂದದ್ದನ್ನು ಬಳಸಿ ಹೋಗುವ ಗುಣ ಕಡಿಮೆ. ಹಾಗಾಗಿ ಗೋಪುರ ಆಚೆ ಬದಿಗಿದ್ದು ಹಳ್ಳಿ ಈಚೆ ಬದಿಗಿದ್ದರೆ ಮನೆಯೊಳಗೆ ಒಂದು ಗೆರೆಯೂ ಇಲ್ಲ, ಬೆಟ್ಟದ ಅರ್ಧ ಹತ್ತಿದರೆ ನಾಲ್ಕು ಗೆರೆ.

2020ರ ಬೇಸಿಗೆ ಮಳೆಗಾಲಗಳಲ್ಲಿ ಈ ಕಡೆಯ ಮಕ್ಕಳು ಬಂಡೆಯ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಹುಣಸೆ ಮರದ ಕೊಂಬೆಯ ಮೇಲೆ ಕೂತು ಪಾಠ ಕೇಳಿದ್ದು ಇದರಿಂದಲೇ. ಹುಡುಗರಿಗೆ ಅದೊಂದು ಮೋಜು. ಬೆಟ್ಟ ಹತ್ತಿ ಒಬ್ಬನೇ ಕೂರುತ್ತೇನೆಂದು ಹೇಳಲಾಗದ ಹುಡುಗಿಯರು ಮಾತ್ರ ಮನೆಯಲ್ಲೇ ಉಳಿದರು. ನಂಗಲಿ ದಾಟಿದರೆ ಆಂಧ್ರ. ಗಡಿಯ ಹಳ್ಳಿಗಳಲ್ಲಿ ಮೊಬೈಲು ಕನ್ನಡ ನಾಡಿನ ಗೋಪುರವನ್ನು ಬಿಟ್ಟು ಪಕ್ಕದ ರಾಜ್ಯದ್ದನ್ನು ಹಿಡಿಯುವುದೂ ಉಂಟು. ಅದಕ್ಕೆ ಗಡಿ ಗೊತ್ತಿಲ್ಲ, ಯಾರ ದನಿ ಜೋರಾಗಿ ಕೇಳಿತೋ ಅವರ ಕಡೆಗೆ.

ಮುಳಬಾಗಿಲಿನ ವಿದ್ಯಾರ್ಥಿಗಳು ಹೇಳುವ ಮಾತಿನಲ್ಲಿ ಇನ್ನೊಂದು ವಿಷಯ ಅಡಗಿದೆ, ಅದು ಭಾಷೆಯದು. ಇಲ್ಲಿ ಮನೆಮಾತು ಬಹುಮಂದಿಗೆ ತೆಲುಗು, ಕೆಲವರಿಗೆ ಉರ್ದು, ಶಾಲೆಯ ಮಾತು ಕನ್ನಡ, ಡಿಗ್ರಿಯ ಪುಸ್ತಕ ಇಂಗ್ಲಿಷ್. ತರಗತಿಯಲ್ಲಿ ನಿಂತ ಮೇಷ್ಟರು ಹುಡುಗರ ಮುಖ ನೋಡುತ್ತಾರೆ. ಅರ್ಥವಾಗಿಲ್ಲವೆಂದು ಕಂಡರೆ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿಯುತ್ತಾರೆ, ಅಲ್ಲೂ ಬಿಗಿಯಾಗಿದ್ದರೆ ಒಂದು ತೆಲುಗು ಗಾದೆ ಒಗೆದು ನಗಿಸುತ್ತಾರೆ, ಲೆಕ್ಕ ತಲೆಗೆ ಹೋಗುತ್ತದೆ. ಮೊಬೈಲಿನ ಪಾಠದಲ್ಲಿ ಎಲ್ಲರೂ ಕ್ಯಾಮೆರಾ ಮುಚ್ಚಿಕೊಂಡಿದ್ದಾಗ ಮೇಷ್ಟರ ಮುಂದಿದ್ದದ್ದು ಅರವತ್ತು ಕಪ್ಪು ಚೌಕಗಳು. ಯಾರ ಹುಬ್ಬು ಗಂಟಿಕ್ಕಿತೆಂದು ತಿಳಿಯುವುದು ಹೇಗೆ? ‘ಅರ್ಥ ಆಯ್ತೇನ್ರೋ?’ ಎಂದರೆ ಐದಾರು ಜನ ‘ಎಸ್ ಸಾರ್’ ಎಂದು ಟೈಪು ಮಾಡುತ್ತಿದ್ದರು, ಅಲ್ಲಿಗೆ ಪಾಠ ಮುಗಿಯಿತು.

ಇದಕ್ಕೆ ತಿರುಗುಬಾಣವಾಗುವ ಮಾತನ್ನೂ ಅಲ್ಲೇ ಕೇಳಬಹುದು. ತರಗತಿಯಲ್ಲಿ ಎದ್ದು ನಿಂತು ತಪ್ಪು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ನಾಚುವ ಹುಡುಗಿ ಮೊಬೈಲಿನಲ್ಲಿ ಧೈರ್ಯವಾಗಿ ಬರೆದು ಕೇಳುತ್ತಿದ್ದಳು. ಮುದ್ರಿತ ಪಾಠವನ್ನು ಮೂರು ಸಲ ಕೇಳಿದರೆ ಇಂಗ್ಲಿಷ್ ಕಿವಿಗೆ ಹತ್ತುತ್ತದೆ ಎನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಗುರುವಿನ ಎದುರು ಕೂತು ಕಲಿಯುವುದರ ಮಹಿಮೆಯನ್ನು ಸಾರಲು ಮುಳಬಾಗಿಲಿನಷ್ಟು ಅನುಕೂಲವಾದ ಊರು ಇನ್ನೊಂದಿಲ್ಲ. ಶ್ರೀಪಾದರಾಜರ ಬಳಿ ಶಾಸ್ತ್ರ ಕಲಿಯಲು ವ್ಯಾಸರಾಯರು ಬಂದು ನೆಲೆಸಿದ್ದು ಇಲ್ಲಿಗೆ, ಹತ್ತಿರದ ಆವನಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಲವಕುಶರು ಕಲಿತದ್ದು ಅಲ್ಲೇ ಎಂದು ಜನರ ನಂಬಿಕೆ. ಆದರೆ 1887ರಲ್ಲಿ ಇದೇ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲನ್ನೇ ಹತ್ತಲಿಲ್ಲ, ಸ್ವಂತ ಓದಿನಿಂದ ವಿದ್ವಾಂಸರಾದರು. ಅತ್ತ ಮಾಲೂರು ತಾಲ್ಲೂಕಿನ ಮಾಸ್ತಿಯವರು ಮದರಾಸಿಗೆ ಹೋಗಿ ಓದಿ ಎಂ.ಎ.ಯಲ್ಲಿ ಮೊದಲಿಗರಾದರು. ಎರಡೂ ಪಕ್ಷದವರಿಗೆ ಈ ಜಿಲ್ಲೆಯಲ್ಲೇ ಸಾಕ್ಷಿ ಸಿಗುತ್ತದೆ. ಹೀಗಿರುವಾಗ ದೊಡ್ಡವರ ಹೆಸರು ಹೇಳಿ ವಾದ ಗೆಲ್ಲುವುದು ಕಷ್ಟ.

ಮಾವಿನ ತೋಪಿನ ಆಚೆ

ಶ್ರೀನಿವಾಸಪುರವನ್ನು ಹಿಂದೆ ಪಾಪನಪಲ್ಲಿ ಎನ್ನುತ್ತಿದ್ದರಂತೆ, ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿನಲ್ಲಿ ಈಗಿನ ಹೆಸರಿಟ್ಟರೆನ್ನುತ್ತಾರೆ. ಇಂದು ಆ ಊರಿನ ಹೆಸರು ಹೇಳಿದರೆ ಬಾಯಲ್ಲಿ ಬರುವುದು ಮಾವು. ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ತೋತಾಪುರಿ ತೋಪುಗಳು ಕಣ್ಣು ಹಾಯುವವರೆಗೆ ಇವೆ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ ಹಳೆಯ ಕಿರುಗೇಜಿನ ದಾರಿ ಅಗಲವಾಗಿ 2013ರಲ್ಲಿ ಮತ್ತೆ ರೈಲು ಓಡಿತು. ಆದರೆ ಓದುವ ಮಕ್ಕಳಿಗೆ ಅನುಕೂಲವಾದ ಹೊತ್ತಿಗೆ ಬರುವುದು ಬಸ್ಸೇ.

ತಾಲ್ಲೂಕಿನ ಪೂರ್ವದ ತುದಿಯಲ್ಲಿ ರಾಯಲ್ಪಾಡು ಇದೆ, ಅಲ್ಲಿಂದಾಚೆ ಮದನಪಲ್ಲಿಯ ಸೀಮೆ. ಆ ಕಡೆಯ ಹಳ್ಳಿಗಳಿಂದ ಶ್ರೀನಿವಾಸಪುರಕ್ಕೋ ಕೋಲಾರಕ್ಕೋ ಕಾಲೇಜಿಗೆ ಬರುವ ಹುಡುಗಿಯರನ್ನು ಈ ಪ್ರಶ್ನೆ ಕೇಳಿದರೆ ಯೋಚನೆಯೇ ಇಲ್ಲದೆ ಕಾಲೇಜೇ ಬೇಕು ಎನ್ನುತ್ತಾರೆ. ಏಕೆ ಎಂದರೆ ಪಾಠ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಮೊದಲ ಉತ್ತರ. ಸ್ವಲ್ಪ ಹೊತ್ತು ಕೂತರೆ ಎರಡನೆಯ ಉತ್ತರ ಹೊರಗೆ ಬರುತ್ತದೆ. ಮನೆಯಲ್ಲಿ ಇದ್ದ ಹುಡುಗಿ ಓದುತ್ತಿದ್ದಾಳೆಂದು ಯಾರೂ ತಿಳಿಯುವುದಿಲ್ಲ, ಸುಮ್ಮನೆ ಕೂತಿದ್ದಾಳೆಂದು ತಿಳಿಯುತ್ತಾರೆ.

ರೇಷ್ಮೆ ಸಾಕುವ ಮನೆಯನ್ನೇ ನೋಡಬಹುದು. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಏಳೆಂಟು ದಿನ ಅದರ ಹೊಟ್ಟೆಗೆ ಲೆಕ್ಕವಿಲ್ಲ. ಒಟ್ಟು ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ಅದು ತಿನ್ನುವುದು ಆಗಲೇ. ಹೊತ್ತು ಹೊತ್ತಿಗೆ ಸೊಪ್ಪು ತರಬೇಕು, ಹರಡಬೇಕು, ಕಸ ತೆಗೆಯಬೇಕು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ಮನೆಯಲ್ಲಿ ಒಂದು ಹುಡುಗಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತಿದ್ದರೆ ಅಜ್ಜಿ ಸುಮ್ಮನಿರುತ್ತಾಳೆಯೆ? ‘ಬಾಮ್ಮ, ಒಂದು ಕೈ ಹಾಕು’ ಎಂದರೆ ಏಳಬೇಕು. ಪಾಠ ಅದರ ಪಾಡಿಗೆ ಅದು ನಡೆಯುತ್ತಿರುತ್ತದೆ. ಹಾಜರಾತಿಯೂ ಬೀಳುತ್ತದೆ, ಏಕೆಂದರೆ ಮೊಬೈಲು ಹಾಜರಿದೆ. ಅದೇ ಹುಡುಗಿ ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿದರೆ ಸಂಜೆಯವರೆಗೆ ಹುಳುವಿನ ಮನೆಗೆ ಅವಳಿಲ್ಲ, ಮನೆಯವರು ಹೇಗೋ ನಿಭಾಯಿಸಿಕೊಳ್ಳುತ್ತಾರೆ.

ಮೊಬೈಲಿನ ಲೆಕ್ಕವೂ ಹಾಗೆಯೇ ಇತ್ತು. ಮನೆಗೊಂದೇ ಮೊಬೈಲಿದ್ದ ಕಾಲದಲ್ಲಿ ಅಪ್ಪ ತೋಟಕ್ಕೆ ಹೋಗುವಾಗ ಅದು ಅವನ ಜೇಬಿಗೆ ಹೋಗುತ್ತಿತ್ತು. ಉಳಿದ ಹೊತ್ತಿನಲ್ಲಿ ಮೊದಲ ಸರದಿ ತಮ್ಮನಿಗೆ. ಅಕ್ಕನಿಗೆ ಸಿಗುವುದು ರಾತ್ರಿ ಹತ್ತರ ಮೇಲೆ, ಆಗ ದಿನದ ಡೇಟಾ ತಳ ಕಂಡಿರುತ್ತಿತ್ತು. ಕಾಲೇಜು ಮುಚ್ಚಿದ್ದ ಆ ಎರಡು ವರ್ಷಗಳಲ್ಲಿ ಊರಲ್ಲಿದ್ದ ಹುಡುಗಿಯರಿಗೆ ಗಂಡು ನೋಡುವ ಮಾತು ಬೇಗ ಬೇಗ ಬಂತು. ಕಾಲೇಜು ನಡೆಯುತ್ತಿದ್ದರೆ ‘ಡಿಗ್ರಿ ಮುಗಿಯಲಿ’ ಎಂದು ಮುಂದೂಡಲು ಒಂದು ನೆಪವಿರುತ್ತಿತ್ತು. ಜೊತೆಯಲ್ಲಿ ಸೇರಿದವರಲ್ಲಿ ಯಾರು ಮತ್ತೆ ಬರಲಿಲ್ಲವೆಂದು ಆಗಿನ ವಿದ್ಯಾರ್ಥಿನಿಯರು ಬೆಂಚಿನ ಲೆಕ್ಕದಲ್ಲಿ ಹೇಳುತ್ತಾರೆ: ನಮ್ಮ ಬೆಂಚಿನಲ್ಲಿ ಒಬ್ಬಳು, ಹಿಂದಿನ ಬೆಂಚಿನಲ್ಲಿ ಇಬ್ಬರು. ಅವರಿಗೆ ಆನ್‌ಲೈನ್ ತರಗತಿಯ ಗುಣದೋಷಗಳ ಚರ್ಚೆ ಎಂದರೆ ಆ ಮೂವರ ನೆನಪು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಯಿತು. ಅದರ ಮೇಲೆ ಬಂದ ನಗೆಚಾಟಿಕೆಗಳು, ಟೀಕೆಗಳು ಸಾಕಷ್ಟು. ಆದರೆ ಈ ತಾಲ್ಲೂಕಿನ ದೃಷ್ಟಿಯಿಂದ ನೋಡಿದರೆ ಹುಡುಗಿಯರ ಕಾಲೇಜು ಶಿಕ್ಷಣಕ್ಕೆ ಟ್ಯಾಬ್ಲೆಟ್ಟಿಗಿಂತ ಬಸ್ಸಿನ ಗುಲಾಬಿ ಚೀಟಿಯೇ ಹೆಚ್ಚು ಕೆಲಸ ಮಾಡಿದೆ ಎನ್ನಬೇಕಾಗುತ್ತದೆ. ಮೊದಲು ವಿದ್ಯಾರ್ಥಿ ಪಾಸಿನ ಹಣಕ್ಕೂ ಅಪ್ಪನ ಮುಂದೆ ನಿಲ್ಲಬೇಕಾಗಿತ್ತು. ಶ್ರೀನಿವಾಸಪುರದಲ್ಲಿ ಬೇಕಾದ ವಿಷಯ ಸಿಗದವರು ಕೋಲಾರಕ್ಕೆ ಹೋಗಿ ಸೇರುತ್ತೇನೆ ಎಂದರೆ ಈಗ ಖರ್ಚಿನ ಮಾತು ಬರುವುದಿಲ್ಲ.

ಎಲ್ಲವೂ ಸರಿಹೋಯಿತೆಂದಲ್ಲ. ಬಸ್ಸುಗಳು ತುಂಬಿ ಬಂದು ನಡುವಿನ ಹಳ್ಳಿಗಳಲ್ಲಿ ನಿಲ್ಲಿಸದೆ ಹೋಗುತ್ತವೆ. ಕೈ ಅಡ್ಡ ಹಿಡಿದು ‘ಅಣ್ಣಾ, ಕಾಲೇಜಿಗೆ ಟೈಮಾಯ್ತು’ ಎಂದು ಕೂಗುವ ಹುಡುಗಿಯರನ್ನು ಕಂಡೂ ಕಾಣದಂತೆ ಹೋಗುವ ಚಾಲಕರಿದ್ದಾರೆ, ಮೆಟ್ಟಿಲ ಮೇಲೆ ಒಂದು ಪಾದಕ್ಕೆ ಜಾಗ ಮಾಡಿಕೊಡುವ ಕಂಡಕ್ಟರುಗಳೂ ಇದ್ದಾರೆ. ಮದುವೆಯಾಗಿ ಗಂಡನ ಮನೆಯಿಂದ ಓದು ಮುಂದುವರಿಸಿದವರು, ಮಡಿಲಲ್ಲಿ ಕೂಸಿರುವವರು ವಾರಕ್ಕೆರಡು ದಿನವಾದರೂ ಮನೆಯಲ್ಲೇ ಪಾಠ ಸಿಗುವಂತಿದ್ದರೆ ಎನ್ನುತ್ತಾರೆ. ಅವರ ಮಟ್ಟಿಗೆ ಮೊಬೈಲಿನ ಪಾಠ ಸೋಮಾರಿಗಳ ಪಾಠವಲ್ಲ, ಬಿಟ್ಟುಹೋಗಬಹುದಾಗಿದ್ದ ಡಿಗ್ರಿಯನ್ನು ಹಿಡಿದುಕೊಳ್ಳಲು ಇರುವ ಒಂದೇ ಕೊಂಬೆ. ಇಂಥವರಿಗೆ ಕೇಳಿದಾಗ ಮುದ್ರಿತ ಪಾಠ ಕೊಡುವುದಕ್ಕೂ, ಎಲ್ಲರನ್ನೂ ಮನೆಯಲ್ಲೇ ಕೂರಿಸಿ ಶೇ 40ರ ಲೆಕ್ಕ ಮುಗಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯದಕ್ಕೆ ಕಾಲೇಜಿಗೆ ಬಂದು ನೋಡಿದ ಮೇಷ್ಟರೊಬ್ಬರು ಸಾಕು, ಎರಡನೆಯದಕ್ಕೆ ಸುತ್ತೋಲೆ ಬೇಕು.

ಮಾವಿನ ಕಾಲ ಬಂದರೆ ಈ ಲೆಕ್ಕಗಳೆಲ್ಲ ಮತ್ತೊಮ್ಮೆ ಏರುಪೇರಾಗುತ್ತವೆ. ಮೇ ಜೂನ್ ತಿಂಗಳಲ್ಲಿ ಮಂಡಿಗಳಲ್ಲಿ ಹಣ್ಣು ವಿಂಗಡಿಸುವ, ಲೆಕ್ಕ ಬರೆಯುವ, ಲಾರಿಗೆ ತುಂಬುವ ಕೆಲಸಕ್ಕೆ ಕಾಲೇಜಿನ ಹುಡುಗರೂ ಹೋಗುತ್ತಾರೆ. ಸೆಮಿಸ್ಟರಿನ ಕೊನೆಯ ಪಾಠಗಳು ಅದೇ ಹೊತ್ತಿಗೆ ಬಂದ ವರ್ಷ ಹಿಂದಿನ ಬೆಂಚುಗಳು ಖಾಲಿ. ಬಿಡುವು ಸಿಕ್ಕಾಗ ತೋತಾಪುರಿ ರಾಶಿಯ ಪಕ್ಕದಲ್ಲಿ ಕೂತು ಗೆಳೆಯ ಕಳಿಸಿದ ನೋಟ್ಸಿನ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಓದುವವರಿದ್ದಾರೆ. ಅದೂ ಒಂದು ರೀತಿಯ ಆನ್‌ಲೈನ್ ಶಿಕ್ಷಣವೇ, ಯಾವ ವಿಶ್ವವಿದ್ಯಾಲಯದ ಅನುಮತಿಯೂ ಅದಕ್ಕೆ ಬೇಕಾಗಿಲ್ಲ.

ಸಂಜೆ ನಾಲ್ಕರ ಮೇಲೆ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಮಕ್ಕಳು ಗುಂಪುಗುಂಪಾಗಿ ನಿಂತಿರುತ್ತಾರೆ. ಕೊನೆಯ ಪಿರಿಯಡ್ಡು ಬಿಟ್ಟು ಓಡಿ ಬಂದವರೇ ಹೆಚ್ಚು, ಏಕೆಂದರೆ ಅದು ಮುಗಿಯುವವರೆಗೆ ಕಾದರೆ ಒಳಹಳ್ಳಿಗಳ ಬಸ್ಸು ಹೊರಟುಹೋಗಿರುತ್ತದೆ. ಅದಾದ ಮೇಲಿನದು ಕತ್ತಲಾದ ನಂತರ. ಹಾಗೆ ತಪ್ಪಿಹೋಗುವ ಪಾಠ ವಾರಕ್ಕೆ ಐದು ಗಂಟೆಯಾದರೂ ಆದೀತು. ಆನ್‌ಲೈನ್ ಬೇಕೋ ಕಾಲೇಜು ಬೇಕೋ ಎಂದು ಕೇಳಿದರೆ ಇವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ, ಐದು ಗಂಟೆಗೊಂದು ಬಸ್ಸು ಬಿಡಿಸಿಕೊಡಿ ಎನ್ನುತ್ತಾರೆ.